ಆಳಿದವರು ಯಾರು, ಆಳಿಸಿಕೊಂಡವರು ಯಾರು?

"ನಿಮ್ಮೋರೇ ಆಳ್ಯಾರಲ್ಲ, ಮತ್ತ ನಿನಗ್ಯಾಕ ಈ ದುಃಖ?"

ಹೀಗೆ ನನ್ನನ್ನು ಕೇಳಿದವಳು ಬೇರೆ ಕಾಲೇಜಿನ ಹುಡುಗಿ. ದಸರಾ ರಜೆಗೆ ಮುಂಚೆ ನಗರದಲ್ಲಿ ನಡೆದ ಒಂದು ಅಂತರಕಾಲೇಜು ಚರ್ಚಾಸ್ಪರ್ಧೆಗೆ ನಮ್ಮ ಕಾಲೇಜಿನಿಂದ ಇಬ್ಬರು ಹೋಗಿದ್ದೆವು. ಪರದೇಶಿ ಆಳ್ವಿಕೆ ನಮ್ಮಿಂದ ಏನನ್ನು ಕಸಿದುಕೊಂಡಿತು ಎಂಬುದು ವಿಷಯ. ನಾನು ನಾಲ್ಕು ನಿಮಿಷ ಮಾತಾಡಿದೆ. ಹಣ, ಹತ್ತಿ, ನೆಲ ಹೋದದ್ದಕ್ಕಿಂತ ದೊಡ್ಡ ನಷ್ಟವೆಂದರೆ ನಮ್ಮ ಮೇಲೆ ನಮಗಿದ್ದ ನಂಬಿಕೆ ಹೋದದ್ದು ಎಂದೆ. ಬಹುಮಾನ ಬರಲಿಲ್ಲ. ಆಮೇಲೆ ಚಹಾ ಕುಡಿಯುವಾಗ ಆ ಹುಡುಗಿ ತನ್ನ ಮಿರ್ಚಿ ಭಜಿಯಲ್ಲಿ ಅರ್ಧ ನನಗೆ ಕೊಟ್ಟು ಈ ಪ್ರಶ್ನೆ ಕೇಳಿದಳು. ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆ. ಆದರೆ ಮನೆಗೆ ಹೋಗುವ ದಾರಿಯುದ್ದಕ್ಕೂ ನನಗೆ ಉತ್ತರ ಹೊಳೆಯಲಿಲ್ಲ. ತಡವಾಗಿಯಾದರೂ ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥ ಪ್ರಶ್ನೆಯನ್ನು ನಮ್ಮ ಕಾಲೇಜಿನ ಅನೇಕರು ಒಂದಲ್ಲ ಒಂದು ಕಡೆ ಕೇಳಿಸಿಕೊಂಡಿರುತ್ತೀರಿ ಎಂದು ನನಗೆ ಗೊತ್ತು.

ಮೊದಲು ಅವಳ ಮಾತಿನಲ್ಲಿರುವ ಸತ್ಯವನ್ನು ಒಪ್ಪಿಕೊಳ್ಳೋಣ. ಕಲಬುರಗಿಯಲ್ಲಿ ಬಿಳಿಯ ಕಲೆಕ್ಟರ್ ಇರಲಿಲ್ಲ. ಈ ಜಿಲ್ಲೆ 1948ರವರೆಗೆ ಹೈದರಾಬಾದಿನ ನಿಜಾಮರ ಸಂಸ್ಥಾನದಲ್ಲಿತ್ತು. ಕಚೇರಿ, ಕೋರ್ಟು, ಮೇಲಿನ ಶಾಲೆ ಎಲ್ಲದರ ಭಾಷೆ ಉರ್ದು. ಮನೆಯಲ್ಲಿ ಕನ್ನಡ ಮಾತಾಡುವ ರೈತನ ಮಗ ತನ್ನ ಹೊಲದ ಕಾಗದ ಓದಿಸಲು ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಬೇಕಿತ್ತು. 1918ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಇಂಗ್ಲಿಷ್ ಬದಲು ಉರ್ದುವಿನಲ್ಲಿ ಪಾಠ ಹೇಳಿತು. ಭಾರತದ ಭಾಷೆಯೊಂದರಲ್ಲಿ ವಿಜ್ಞಾನ, ಕಾನೂನು, ವೈದ್ಯಕೀಯ ಕಲಿಯಬಹುದು ಎಂದು ತೋರಿಸಿದ್ದು ಹೆಮ್ಮೆಯ ವಿಷಯ ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಅದು ನಿಜ. ಅದೇ ಉರ್ದು ಕಲಬುರಗಿಯ ಕನ್ನಡದ ಮಗುವಿಗೆ ಒಂದು ಗೋಡೆಯಾಗಿತ್ತು ಎನ್ನುವುದೂ ನಿಜ. ಒಂದೇ ಭಾಷೆ ಇಂಗ್ಲಿಷಿನ ಎದುರು ಸ್ವಾಭಿಮಾನವಾಗಿ, ಕನ್ನಡದ ಎದುರು ಅಧಿಕಾರವಾಗಿ ನಿಂತಿತ್ತು. ಇದನ್ನು ಒಪ್ಪದೆ ಮುಂದೆ ಮಾತಾಡಿದರೆ ನನ್ನ ಮಾತಿಗೆ ಬೆಲೆ ಇಲ್ಲ.

ಆದರೆ ನಿಜಾಮರನ್ನು ಆಳುತ್ತಿದ್ದವರು ಯಾರು? ಹೈದರಾಬಾದಿನ ಕೋಠಿಯಲ್ಲಿ ದೊಡ್ಡ ಕಂಬಗಳ ಬಂಗಲೆಯಲ್ಲಿ ಬ್ರಿಟಿಷ್ ರೆಸಿಡೆಂಟ್ ಕೂತಿರುತ್ತಿದ್ದ. ವಾಣಿಜ್ಯ ವಿಭಾಗದವರಿಗೆ ಈ ಕಥೆ ಚೆನ್ನಾಗಿ ಅರ್ಥವಾಗುತ್ತದೆ, ಏಕೆಂದರೆ ಇಲ್ಲಿ ಇಂಗ್ಲಿಷರು ತುಪಾಕಿಗಿಂತ ಹೆಚ್ಚಾಗಿ ಖಾತೆ ಪುಸ್ತಕದ ಮೂಲಕ ಬಂದರು. 1814ರಲ್ಲಿ ಆರಂಭವಾದ ಪಾಮರ್ ಆ್ಯಂಡ್ ಕಂಪನಿ ಎಂಬ ಲೇವಾದೇವಿ ಸಂಸ್ಥೆ ನಿಜಾಮರ ಸರ್ಕಾರಕ್ಕೆ ದುಬಾರಿ ಬಡ್ಡಿಗೆ ಸಾಲ ಕೊಟ್ಟಿತು. ಇಂಗ್ಲಿಷ್ ಅಧಿಕಾರಿಗಳು ನಡೆಸುವ ಕಂಟಿಂಜೆಂಟ್ ಸೇನೆಯ ಖರ್ಚನ್ನು ನಿಜಾಮರೇ ಕೊಡಬೇಕಿತ್ತು. ಬಾಕಿ ಬೆಳೆಯುತ್ತಾ ಹೋಯಿತು. ಕೊನೆಗೆ 1853ರ ಒಪ್ಪಂದದಲ್ಲಿ ಆ ಬಾಕಿಗಾಗಿ ಬೇರಾರ್ ಪ್ರಾಂತ, ನಮ್ಮ ಪಕ್ಕದ ರಾಯಚೂರು ದೋಆಬ್ ಎಲ್ಲವನ್ನೂ ಇಂಗ್ಲಿಷರ ಕೈಗೆ ಒಪ್ಪಿಸಬೇಕಾಯಿತು. ದೋಆಬ್ 1860ರಲ್ಲಿ ಮರಳಿ ಬಂತು, ಬೇರಾರ್ ಮರಳಲಿಲ್ಲ. ಅಂದರೆ ನಮ್ಮ ಕಡೆಯ ರೈತನ ಮೇಲೆ ಎರಡು ಅಂತಸ್ತಿನ ಆಳ್ವಿಕೆ ಇತ್ತು. ಕೆಳಗಿನ ಅಂತಸ್ತು ಕಣ್ಣಿಗೆ ಕಾಣುತ್ತಿತ್ತು, ಮೇಲಿನದು ಕಾಣುತ್ತಿರಲಿಲ್ಲ.

ಇಂಥ ಕಡೆ "ನಾನು ಯಾರು" ಎಂಬ ಪ್ರಶ್ನೆ ಸುಲಭದ್ದಲ್ಲ. ಇತಿಹಾಸದ ಪುಸ್ತಕ ನಮಗೆ ಒಪ್ಪಂದದ ವರ್ಷ ಹೇಳುತ್ತದೆ. ಆ ವರ್ಷ ಜನರ ಎದೆಯೊಳಗೆ ಏನಾಯಿತು ಎಂದು ಹೇಳುವುದು ಕಥೆ, ಕಾದಂಬರಿಗಳು. ಹಾಗಾಗಿ ರಜೆಯಲ್ಲಿ ನಾನು ಅವುಗಳ ಹಿಂದೆ ಬಿದ್ದೆ. ಕೆಲವನ್ನು ಪೂರ್ತಿ ಓದಿದೆ, ಕೆಲವನ್ನು ನಮ್ಮ ಉರ್ದು ಮತ್ತು ಕನ್ನಡ ಉಪನ್ಯಾಸಕರು ವಿವರಿಸಿದರು.

ಮೊದಲನೆಯದು ನಮ್ಮ ನೆಲಕ್ಕೆ ತೀರಾ ಹತ್ತಿರದ್ದು. ಫಿಲಿಪ್ ಮೆಡೋಸ್ ಟೇಲರ್ ಹೆಸರು ಸುರಪುರಕ್ಕೆ ಹೋದವರು ಕೇಳಿರುತ್ತೀರಿ. ಅಲ್ಲಿ ಗುಡ್ಡದ ಮೇಲೆ ಅವನು ಕಟ್ಟಿಸಿದ ಟೇಲರ್ ಮಂಜಿಲ್ ಈಗಲೂ ಇದೆ. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ ಟೇಲರ್ ಹದಿಹರೆಯದಲ್ಲೇ ನಿಜಾಮರ ಸೇವೆಗೆ ಸೇರಿದ. 1839ರಲ್ಲಿ ಅವನು ಬರೆದ 'ಕನ್ಫೆಷನ್ಸ್ ಆಫ್ ಎ ಥಗ್' ಇಂಗ್ಲೆಂಡಿನಲ್ಲಿ ಬಹಳ ಜನಪ್ರಿಯವಾಯಿತು. ಅದರಲ್ಲಿ ಅಮೀರ್ ಅಲಿ ಎಂಬ ಠಗ್ ಒಬ್ಬ ಸಾಹೇಬನ ಮುಂದೆ ಕೂತು ತನ್ನ ಕೊಲೆಗಳ ಕಥೆಯನ್ನು ತಾನೇ ಹೇಳುತ್ತಾನೆ. ದಾರಿಯಲ್ಲಿ ಸಿಕ್ಕ ಪ್ರಯಾಣಿಕರ ಜೊತೆ ನಗುತ್ತಾ ಮಾತಾಡಿ, ಜೊತೆಗೆ ಉಂಡು, ಆಮೇಲೆ ಕರವಸ್ತ್ರದಿಂದ ಕುತ್ತಿಗೆ ಬಿಗಿಯುವವನು ಅವನು.

ಓದುವಾಗ ನನಗೆ ಭಯವಾಯಿತು. ಅದು ಕೊಲೆಗಳಿಂದ ಆದ ಭಯವಲ್ಲ. ಕಥೆಯಲ್ಲಿ "ನಾನು" ಎನ್ನುವವನಿಗೆ ನಮ್ಮ ಮನೆಯ ಹೆಸರುಗಳಂಥ ಹೆಸರಿದೆ, ಆದರೆ ಆ "ನಾನು" ಎಂಬುದನ್ನು ಬರೆದ ಕೈ ಇನ್ನೊಬ್ಬನದು. ಕೇಳುವವನು ಸಾಹೇಬ, ಬರೆದುಕೊಳ್ಳುವವನು ಸಾಹೇಬ, ತೀರ್ಪು ಕೊಡುವವನೂ ಸಾಹೇಬ. ದಾರಿಗಳ್ಳರು ಆ ಕಾಲದಲ್ಲಿ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಕನ್ನಡದಲ್ಲಿ ಠಕ್ಕ ಎಂಬ ಮಾತು ಸುಮ್ಮನೆ ಉಳಿದಿಲ್ಲ. ಆದರೆ ಸಾವಿರಾರು ಮೈಲಿ ದೂರದಲ್ಲಿ ಕೂತು ಆ ಪುಸ್ತಕ ಓದಿದವರಿಗೆ ಹಿಂದೂಸ್ತಾನದ ಪ್ರತಿ ನಗುಮುಖದ ಹಿಂದೆ ಒಂದು ಕರವಸ್ತ್ರ ಕಂಡಿರಬೇಕು. ಪರನಾಡನ್ನು ಆಳುವವನಿಗೆ ಇರುವ ದೊಡ್ಡ ಹೆದರಿಕೆ ಇದೇ: ನನ್ನ ಮುಂದೆ ತಲೆಬಾಗಿ ನಿಂತವನು ಒಳಗೊಳಗೆ ಏನು ಯೋಚಿಸುತ್ತಿದ್ದಾನೆ?

ಟೇಲರ್ ಕೆಟ್ಟವನಾಗಿದ್ದರೆ ಈ ಕಥೆ ಸರಳವಾಗುತ್ತಿತ್ತು. ಅವನು ಹಾಗಿರಲಿಲ್ಲ. 1841ರಿಂದ ಹನ್ನೆರಡು ವರ್ಷ ಸುರಪುರದ ಆಡಳಿತ ನೋಡಿಕೊಂಡ. ಜನ ಅವನನ್ನು ಮಹಾದೇವ ಬಾಬಾ ಎಂದು ಕರೆದರು. ಬಾಲಕ ರಾಜ ವೆಂಕಟಪ್ಪ ನಾಯಕ ತನ್ನನ್ನು ಅಪ್ಪಾ ಎಂದು ಕರೆಯುತ್ತಿದ್ದನೆಂದು ಟೇಲರ್ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಅದೇ ವೆಂಕಟಪ್ಪ ನಾಯಕ 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದ, ಸೋತ, ಹೈದರಾಬಾದಿನಲ್ಲಿ ಸೆರೆಯಾದ, ಅದೇ ವರ್ಷ ಗುಂಡಿನಿಂದ ಸತ್ತ. ತಾನೇ ಹೊಡೆದುಕೊಂಡ ಎಂದು ಇಂಗ್ಲಿಷರ ದಾಖಲೆ ಹೇಳುತ್ತದೆ. ಇಪ್ಪತ್ತೈದು ತುಂಬದ, ಹುಡುಗನೂ ಅಲ್ಲದ, ಗಂಡಸೂ ಅಲ್ಲದ ವಯಸ್ಸು. ಸಾಕಿದವನನ್ನು ಪ್ರೀತಿಸಬೇಕೋ, ಅವನ ಸರ್ಕಾರವನ್ನು ದ್ವೇಷಿಸಬೇಕೋ? ಆ ಗೊಂದಲವನ್ನು ವೆಂಕಟಪ್ಪನ ಕಡೆಯಿಂದ ನಾವು ಕೇಳಬೇಕಿತ್ತು. ನಮಗೆ ಸಿಕ್ಕಿದ್ದು ಟೇಲರ್ ಬರೆದದ್ದು.

ಎರಡನೆಯ ಪುಸ್ತಕ ಉರ್ದುವಿನದು. ಡೆಪ್ಯುಟಿ ನಜೀರ್ ಅಹ್ಮದ್ ಕೆಲವು ವರ್ಷ ಹೈದರಾಬಾದ್ ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದವರು. 1888ರಲ್ಲಿ ಬಂದ ಅವರ ಕಾದಂಬರಿ 'ಇಬ್ನುಲ್ ವಕ್ತ್'. ಗಾಳಿ ಬಂದ ಕಡೆ ತೂರಿಕೊಳ್ಳುವವನು ಎಂದು ಹೆಸರಿಗೆ ಅರ್ಥ. 1857ರ ದಂಗೆಯಲ್ಲಿ ದೆಹಲಿಯ ಮುಸ್ಲಿಂ ಯುವಕನೊಬ್ಬ ಗಾಯಗೊಂಡ ಇಂಗ್ಲಿಷ್ ಅಧಿಕಾರಿಯನ್ನು ಮನೆಯಲ್ಲಿ ಅಡಗಿಸಿ ಬದುಕಿಸುತ್ತಾನೆ. ಅದಕ್ಕೆ ಪ್ರತಿಯಾಗಿ ಹುದ್ದೆ ಸಿಗುತ್ತದೆ. ಆಮೇಲೆ ಕೋಟು, ಬಂಗಲೆ, ಮೇಜಿನ ಮೇಲೆ ಊಟ ಎಲ್ಲವೂ ಬರುತ್ತವೆ. ಅವನನ್ನು ಬೆಂಬಲಿಸಿದ ಇಂಗ್ಲಿಷ್ ಅಧಿಕಾರಿ ಊರಿಗೆ ಹೋದ ಮೇಲೆ ಬೇರೊಬ್ಬ ಬರುತ್ತಾನೆ. ದೇಸಿ ಮನುಷ್ಯ ತಮ್ಮಂತೆ ಬಟ್ಟೆ ಹಾಕಿಕೊಂಡಿದ್ದೇ ಆ ಹೊಸಬನಿಗೆ ಅವಮಾನ. ಈ ಕಡೆ ಸಂಬಂಧಿಕರೂ ದೂರವಾಗಿದ್ದಾರೆ. ಅವನಿಗೆ ಆ ಮನೆಯೂ ಇಲ್ಲ, ಈ ಮನೆಯೂ ಇಲ್ಲ.

ಮೂರನೆಯದು ಕನ್ನಡದ್ದು. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ', 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಬಂತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಹೇಳುತ್ತಾರೆ. ಬಾಲವಿಧವೆಯಾದ ಇಂದಿರೆ ಮನೆ ಬಿಟ್ಟು ಹೊರಬಂದು ಓದಿ, ಇಂಗ್ಲೆಂಡಿಗೆ ಹೋಗಿ ಅಧಿಕಾರಿಯಾಗಿ ಮರಳಿದ ಭಾಸ್ಕರನನ್ನು ಮದುವೆಯಾಗುತ್ತಾಳೆ. ಇಲ್ಲಿ ಇಂಗ್ಲಿಷ್ ವಿದ್ಯೆ ಅವಮಾನ ತರುವುದಿಲ್ಲ, ಒಬ್ಬ ಹೆಣ್ಣುಮಗಳಿಗೆ ಬದುಕುವ ದಾರಿ ತೆರೆಯುತ್ತದೆ. ಅದೇ 1899ರಲ್ಲಿ ಉರ್ದುವಿನಲ್ಲಿ ಮಿರ್ಜಾ ಹಾದಿ ರುಸ್ವಾ 'ಉಮ್ರಾವ್ ಜಾನ್ ಅದಾ' ಬರೆದರು. ಬಾಲ್ಯದಲ್ಲಿ ಅಪಹರಣಕ್ಕೊಳಗಾಗಿ ಲಖನೌದಲ್ಲಿ ಮಾರಾಟವಾದ ಹುಡುಗಿಯ ಕಥೆ ಅದು. ಹುಟ್ಟಿದಾಗ ಅವಳ ಹೆಸರು ಅಮೀರನ್. ದೊಡ್ಡವಳಾಗಿ, 1857ರ ಗಲಭೆ ಕಂಡು, ಒಮ್ಮೆ ಹುಟ್ಟೂರಿಗೆ ಬಂದಾಗ ಅವಳ ಮನೆ ಅವಳನ್ನು ಒಳಗೆ ಸೇರಿಸುವುದಿಲ್ಲ.

ಇಬ್ಬರು ಬರಹಗಾರರು ಪರಸ್ಪರರ ಭಾಷೆ ಬಲ್ಲವರಲ್ಲ. ಒಬ್ಬರು ಪಶ್ಚಿಮ ಕರಾವಳಿಯ ಪೊಲೀಸ್ ಅಧಿಕಾರಿ, ಇನ್ನೊಬ್ಬರು ಲಖನೌದ ವಿದ್ವಾಂಸರು. ಆದರೂ ಒಂದೇ ವರ್ಷ ಇಬ್ಬರನ್ನೂ ಕಾಡಿದ್ದು ಒಂದೇ ಚಿಂತೆ: ಕಾಲ ಬದಲಾದಾಗ ಮನೆಯಿಂದ ಹೊರಗೆ ಬಿದ್ದ ಹೆಣ್ಣುಮಗಳಿಗೆ ಜಾಗ ಎಲ್ಲಿ? ನಮ್ಮ ಕಾಲೇಜಿನಲ್ಲಿ ಕನ್ನಡ ಭಾಷೆ ತೆಗೆದುಕೊಂಡವರು ಮೊದಲನೆಯ ಹೆಸರನ್ನು ಕೇಳಿದ್ದಾರೆ, ಉರ್ದು ತೆಗೆದುಕೊಂಡವರು ಎರಡನೆಯದನ್ನು ಕೇಳಿದ್ದಾರೆ. ಎರಡನ್ನೂ ಕೇಳಿದವರು ನನಗೆ ಇನ್ನೂ ಸಿಕ್ಕಿಲ್ಲ. ಎರಡನ್ನೂ ಜೋಡಿಸಿದವರು ಮಾತ್ರ ನಮ್ಮ ಭಾಗದಲ್ಲೇ ಇದ್ದರು. ರಾಯಚೂರು ಜಿಲ್ಲೆಯ ಕವಿ ಶಾಂತರಸರು ನಿಜಾಮರ ಕಾಲದ ಶಾಲೆಯ ಉರ್ದುವನ್ನು ತಮ್ಮದಾಗಿಸಿಕೊಂಡು 'ಉಮ್ರಾವ್ ಜಾನ್ ಅದಾ'ವನ್ನು ಕನ್ನಡಕ್ಕೆ ತಂದರು, ಕನ್ನಡದಲ್ಲಿ ಗಜಲ್ ಬರೆದರು. ಗೋಡೆಯಾಗಿ ಬಂದ ಭಾಷೆಯನ್ನು ಅವರು ಬಾಗಿಲು ಮಾಡಿಕೊಂಡರು.

ನಾಲ್ಕನೆಯದು ಮಾಸ್ತಿಯವರ 'ಚಿಕವೀರ ರಾಜೇಂದ್ರ'. ಅವರಿಗೆ ಜ್ಞಾನಪೀಠ ಬಂದದ್ದು ಈ ಕಾದಂಬರಿಗೆ. 1834ರಲ್ಲಿ ಕೊಡಗು ಇಂಗ್ಲಿಷರ ಪಾಲಾದ ಕಥೆ ಅದು. ರಾಜ ಕೆಟ್ಟಿದ್ದಾನೆ, ಪ್ರಜೆಗಳು ನೊಂದಿದ್ದಾರೆ, ಮಂತ್ರಿಗಳು ಬೇಸತ್ತಿದ್ದಾರೆ. ಇಂಗ್ಲಿಷರು ಅವಸರ ಮಾಡುವುದಿಲ್ಲ. ಒಳಗಿನವರೇ ಬಾಗಿಲು ತೆರೆಯುವವರೆಗೆ ಕಾಯುತ್ತಾರೆ. ತೆರೆದವರು ದ್ರೋಹಿಗಳೇ? ಕೆಟ್ಟ ರಾಜನನ್ನು ಇಳಿಸಲು ಬೇರೆ ದಾರಿ ಇತ್ತೇ? ಮಾಸ್ತಿ ಸುಲಭದ ಉತ್ತರ ಕೊಡುವುದಿಲ್ಲ. ಅರಸನನ್ನೂ ಪ್ರಜೆಗಳನ್ನೂ ಒಂದೇ ಎಂದು ಎಣಿಸಬಾರದು ಎಂಬುದನ್ನು ನಾನು ಈ ಪುಸ್ತಕದಿಂದ ಕಲಿತೆ. ಕೊಡಗಿನ ರಾಜ ಲಿಂಗಾಯತ. ಹಾಗೆಂದು ಕಮಲಾಪುರದ ಲಿಂಗಾಯತ ಗೆಳತಿಗೆ "ಕೊಡಗು ಆಳಿದವರು ನಿಮ್ಮೋರೇ" ಎಂದು ನಾನು ಹೇಳಿದರೆ ಅವಳು ನಗುವುದಿಲ್ಲವೇ? ನಿಜಾಮರ ವಿಷಯದಲ್ಲಿ ನನಗೆ ಅದೇ ಮಾತು ಹೇಳಿದಾಗ ಯಾಕೆ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ?

ಈ ಪ್ರಶ್ನೆಯನ್ನು ಹೊತ್ತುಕೊಂಡೇ ನಾನು ಕಮಲಾಪುರಕ್ಕೆ ಹೋದೆ. ಅದು ನನ್ನ ತಾಯಿಯ ತವರು. ಕೆಂಪು ಬಾಳೆಯಿಂದಾಗಿ ಆ ಊರಿನ ಹೆಸರು ದೂರದೂರಕ್ಕೂ ಹೋಗಿದೆ, ಆ ಬಾಳೆಗೆ ಭೌಗೋಳಿಕ ಸೂಚ್ಯಂಕವೂ ಸಿಕ್ಕಿದೆ. ನಾನಿ ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದರು. "ನಾನಿ, ನಾವು ಆಳಿದವರಂತೆ, ಹೌದಾ?" ಎಂದು ಕೇಳಿದೆ. ನಾನಿ ಮೊರ ಕೆಳಗಿಟ್ಟರು.

"ಹಮೆ ಕಾಯ್ಕಾ ರಾಜ್ ಕರೇ ಬೇಟಾ? ಹಮೆ ತೋ ಮೌಜ್ ಢೋಯೇ."

ನಾವೆಲ್ಲಿಯ ರಾಜ್ಯ ಆಳಿದ್ದು, ನಾವು ಬಾಳೆಗೊನೆ ಹೊತ್ತವರು. ಮೌಜ್ ಎಂದರೆ ನಮ್ಮ ದಖನಿಯಲ್ಲಿ ಬಾಳೆಹಣ್ಣು. ನಾನಿಯ ತಂದೆ ಕಮಲಾಪುರದ ತೋಟಗಳಿಂದ ಕಲಬುರಗಿ ಮಾರುಕಟ್ಟೆಗೆ ಎತ್ತಿನ ಗಾಡಿಯಲ್ಲಿ ಬಾಳೆ ಸಾಗಿಸುತ್ತಿದ್ದರು. ತೋಟ ಗೌಡರದು, ಗಾಡಿ ಬಾಡಿಗೆಯದು, ಎತ್ತು ಮಾತ್ರ ನಮ್ಮವು. ನಿಜಾಮರ ಸರ್ಕಾರದ ಭಾಷೆ ಉರ್ದು ಆಗಿದ್ದರೂ ನಾನಿಯ ತಂದೆಗೆ ಅದನ್ನು ಓದಲು ಬರುತ್ತಿರಲಿಲ್ಲ. ಗೌಡರ ಲೆಕ್ಕ ಕನ್ನಡದಲ್ಲಿ, ನಾಕೆಯ ಚೀಟಿ ಉರ್ದುವಿನಲ್ಲಿ. ಎರಡಕ್ಕೂ ಅವರದು ಹೆಬ್ಬೆಟ್ಟು.

ನಾನಿ ಇನ್ನೊಂದು ವಿಷಯ ಹೇಳಿದರು. ಆಗ ಎರಡು ರೂಪಾಯಿಗಳಿದ್ದವು. ಸಂಸ್ಥಾನದ್ದು ಹಾಲಿ, ಇಂಗ್ಲಿಷರದು ಕಲ್ದಾರ್. ಏಳು ಹಾಲಿ ಕೊಟ್ಟರೆ ಆರು ಕಲ್ದಾರ್ ಬರುತ್ತಿತ್ತು. ಸೊಲ್ಲಾಪುರದ ವ್ಯಾಪಾರಿ ಕಲ್ದಾರ್ ಕೇಳುತ್ತಿದ್ದ, ಊರಿನ ಅಂಗಡಿಯಲ್ಲಿ ಹಾಲಿ ನಡೆಯುತ್ತಿತ್ತು. ಹಾಲಿ ರೂಪಾಯಿ 1959ರಲ್ಲಿ ಪೂರ್ತಿ ನಿಂತಿತು. ಲೆಕ್ಕಶಾಸ್ತ್ರ ಓದುವ ನನಗೆ ಇದು ಬಹಳ ಹಿಡಿಸಿತು. ನಮ್ಮ ಜನ ಒಂದೇ ಕಿಸೆಯಲ್ಲಿ ಎರಡು ನಾಣ್ಯ ಇಟ್ಟುಕೊಂಡು ಎಲ್ಲಿ ಯಾವುದನ್ನು ತೆಗೆಯಬೇಕೆಂದು ತಿಳಿದು ಬದುಕಿದ್ದರು. ಇವತ್ತು ನಾನು ಮನೆಯಲ್ಲಿ ದಖನಿ, ರಸ್ತೆಯಲ್ಲಿ ಕನ್ನಡ, ಅಕೌಂಟೆನ್ಸಿ ಪುಸ್ತಕದಲ್ಲಿ ಇಂಗ್ಲಿಷ್ ಇಟ್ಟುಕೊಂಡು ಬದುಕುತ್ತಿದ್ದೇನೆ. ವಿನಿಮಯದ ದರವನ್ನು ಮಾತ್ರ ಯಾವಾಗಲೂ ಬೇರೆ ಯಾರೋ ನಿಗದಿ ಮಾಡುತ್ತಾರೆ.

1948ರ ಬಗ್ಗೆ ಕೇಳಿದಾಗ ನಾನಿಯ ದನಿ ಕೆಳಗಾಯಿತು. ಅವರು ಹುಟ್ಟಿದ್ದು ಅದರ ನಂತರ, ಹೇಳಿದ್ದೆಲ್ಲ ತಾಯಿಯಿಂದ ಕೇಳಿದ್ದು. ರಜಾಕಾರರ ಹಾವಳಿಗೆ ಹೆದರಿ ಗೌಡರ ಮನೆಯ ಹೆಂಗಸರು, ಮಕ್ಕಳು ಸೊಲ್ಲಾಪುರದ ಕಡೆ ಹೋಗಿಬಿಟ್ಟಿದ್ದರು. ಸೆಪ್ಟೆಂಬರ್‌ನಲ್ಲಿ ಸೇನೆ ಬಂದು ನಿಜಾಮರ ಆಳ್ವಿಕೆ ಮುಗಿದ ಮೇಲೆ ಹೆದರುವ ಸರದಿ ನಮ್ಮದಾಯಿತು. ಆಗ ನಾನಿಯ ತಾಯಿ ಕೂಸನ್ನು ಕಟ್ಟಿಕೊಂಡು ಅಡಗಿದ್ದು ಅದೇ ಗೌಡರ ಬಾಳೆ ತೋಟದ ಗುಡಿಸಲಲ್ಲಿ. ಎಂಟು ದಿನ ಗೌಡರ ಆಳು ರೊಟ್ಟಿ ತಂದುಕೊಟ್ಟ. "ಇನ್ನೂ ಕೆಲವರು ಮರಳಿ ಬರಲಿಲ್ಲ" ಎಂದಷ್ಟೇ ಹೇಳಿ ನಾನಿ ಮತ್ತೆ ಮೊರ ಕೈಗೆತ್ತಿಕೊಂಡರು. ಕೇಂದ್ರ ಸರ್ಕಾರ ಕಳಿಸಿದ್ದ ಪಂಡಿತ್ ಸುಂದರಲಾಲ್ ಸಮಿತಿ ಆ ದಿನಗಳಲ್ಲಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಕಲಬುರಗಿಯ ಹೆಸರನ್ನೂ ಬರೆದಿತ್ತು. ಆ ವರದಿ ಹಲವು ದಶಕ ಹೊರಗೆ ಬರಲಿಲ್ಲ.

ಈ ಎರಡೂ ಭಯಗಳು ಒಂದೇ ಕಥೆಯಲ್ಲಿ ಬರಬೇಕು. ಗೌಡರ ಮನೆಯ ಹೆಂಗಸರ ಭಯವನ್ನು ಬಿಟ್ಟು ನಾನು ಬರೆದರೆ ಅದು ಸುಳ್ಳು. ನಾನಿಯ ತಾಯಿಯ ಭಯವನ್ನು ಬಿಟ್ಟು ಇನ್ನೊಬ್ಬರು ಬರೆದರೆ ಅದೂ ಸುಳ್ಳು. ಇಬ್ಬರೂ ಒಂದೇ ಬಾಳೆ ತೋಟಕ್ಕೆ ಸೇರಿದವರು. ಇಬ್ರಾಹಿಂ ಜಲೀಸ್ ಎಂಬ ಉರ್ದು ಕಥೆಗಾರರು ಬೆಳೆದದ್ದು ನಮ್ಮ ಕಲಬುರಗಿಯಲ್ಲಿ. ಬ್ರಿಟಿಷರ ಕಾಲದ ಹಸಿವಿನ ಬಗ್ಗೆ 'ಚಾಲೀಸ್ ಕರೋಡ್ ಭಿಕಾರಿ' ಬರೆದ ಅವರು 1948ರ ನಂತರ ಗಡಿ ದಾಟಿ ಹೋದರು, ಹೈದರಾಬಾದಿನ ಪತನವನ್ನು 'ದೋ ಮುಲ್ಕ್ ಏಕ್ ಕಹಾನಿ'ಯಲ್ಲಿ ಬರೆದರು, 1977ರಲ್ಲಿ ಕರಾಚಿಯಲ್ಲಿ ತೀರಿಕೊಂಡರು. ಅವರ ತಮ್ಮ ಮುಜ್ತಬಾ ಹುಸೇನ್ ಇಲ್ಲೇ ಭಾರತದಲ್ಲಿ ಉಳಿದು ನಗೆ ಬರಹಕ್ಕೆ ಹೆಸರಾಗಿ ಪದ್ಮಶ್ರೀ ಪಡೆದರು. ಒಂದೇ ಮನೆಯ ಅಣ್ಣ ತಮ್ಮ, ಎರಡು ದೇಶ. ಇದೇ ನಗರದ ಎಂಎಸ್‌ಕೆ ಮಿಲ್ಲಿನಲ್ಲಿ ದುಡಿದ ಕಾರ್ಮಿಕರೊಬ್ಬರ ಮಗಳು ಗೀತಾ ನಾಗಭೂಷಣ. ಅವರು ಕನ್ನಡದಲ್ಲಿ 'ಬದುಕು' ಬರೆದು ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದರು. ಆ ಮಿಲ್ಲಿನ ಪೂರ್ತಿ ಹೆಸರು ಮಹಬೂಬ್ ಶಾಹಿ ಕುಲ್ಬರ್ಗಾ ಮಿಲ್. ಹೆಸರು ನಿಜಾಮರದು, ಬೆವರು ಎಲ್ಲ ಜಾತಿಯ ಬಡವರದು.

ಕನ್ನಡದ ಇನ್ನೊಂದು ಕಾದಂಬರಿಯನ್ನು ಇಲ್ಲಿ ನೆನೆಯಲೇಬೇಕು. ನಿರಂಜನರ 'ಚಿರಸ್ಮರಣೆ'. ಕಾಸರಗೋಡು ಸೀಮೆಯ ಕಯ್ಯೂರಿನ ರೈತರು ಜಮೀನ್ದಾರರಿಗೂ ಅವರ ಬೆನ್ನಿಗಿದ್ದ ಬ್ರಿಟಿಷ್ ಸರ್ಕಾರಕ್ಕೂ ಎದುರು ನಿಂತ ಕಥೆ. 1943ರ ಮಾರ್ಚ್ 29ರಂದು ನಾಲ್ವರನ್ನು ಗಲ್ಲಿಗೇರಿಸಿದರು. ಆ ನಾಲ್ವರಲ್ಲಿ ಒಬ್ಬರ ಹೆಸರು ಅಬೂಬಕ್ಕರ್. ಹಳ್ಳಿಯಲ್ಲಿ ಆಳುವವರು, ಆಳಿಸಿಕೊಳ್ಳುವವರು ಎಂದು ಗೆರೆ ಎಳೆದಾಗ ಅದು ಧರ್ಮದ ಮೇಲೆ ಹಾಯಲಿಲ್ಲ, ಭೂಮಿಯ ಮೇಲೆ ಹಾಯಿತು. ಈ ಲೆಕ್ಕದಲ್ಲಿ ನೋಡಿದರೆ ಬಾಳೆಗೊನೆ ಹೊತ್ತ ನಾನಿಯ ತಂದೆ ಯಾವ ಕಡೆಯವರು ಎಂದು ಬಿಡಿಸಿ ಹೇಳಬೇಕಿಲ್ಲ.

ನನ್ನ ಮಾತಿಗೆ ಬರುವ ಆಕ್ಷೇಪಗಳು ನನಗೆ ಗೊತ್ತು. ಒಂದು, ಹಳೆಯದನ್ನು ಕೆದಕಿದರೆ ಹೊಸ ಜಗಳ ಹುಟ್ಟುತ್ತದೆ ಎಂಬುದು. ನಮ್ಮ ಅಬ್ಬಾ ಹೀಗೇ ಹೇಳುತ್ತಾರೆ. ಅವರ ಹೆದರಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ನಾವು ಸುಮ್ಮನಿದ್ದರೂ ಹಳೆಯದು ಸುಮ್ಮನಿರುತ್ತಿಲ್ಲ. ಅದು ಮೊಬೈಲಿನಲ್ಲಿ ಮೂವತ್ತು ಸೆಕೆಂಡಿನ ವಿಡಿಯೋ ಆಗಿ ದಿನವೂ ಬರುತ್ತಿದೆ. ಅಲ್ಲಿ ಮುನ್ನೂರು ಪುಟ ಇಲ್ಲ, ಗೌಡರ ಗುಡಿಸಲೂ ಇಲ್ಲ. ಕಾದಂಬರಿ ನಿಧಾನ. ಅದು ಎದುರಾಳಿಯ ಮನೆಯೊಳಗೂ ಕರೆದುಕೊಂಡು ಹೋಗುತ್ತದೆ. ಜಗಳ ಹುಟ್ಟಿಸುವ ಶಕ್ತಿ ಯಾವುದಕ್ಕೆ ಹೆಚ್ಚು ಎಂದು ನೀವೇ ಹೇಳಿ.

ಎರಡನೆಯದು, ಕನ್ನಡದ ಕಡೆ ಹೋದರೆ ಉರ್ದು ಕೈ ತಪ್ಪುತ್ತದೆ ಎಂಬ ಆತಂಕ. ನಮ್ಮ ಮನೆಗಳಲ್ಲಿ ಇದು ನಿಜವಾದ ಆತಂಕ. ನನ್ನ ತಮ್ಮನಿಗೆ ಉರ್ದು ಮಾತು ಬರುತ್ತದೆ, ಲಿಪಿ ಬರುವುದಿಲ್ಲ. ಇದಕ್ಕೆ ಎದುರಾಗಿ ಇನ್ನೊಂದು ನೋವಿದೆ. ಅಂಗಡಿಯಲ್ಲೋ ಬ್ಯಾಂಕಿನಲ್ಲೋ ನಾನು ಕನ್ನಡದಲ್ಲಿ ಮಾತಾಡಿದರೆ "ಅರೆ, ನಿಮ್ಮ ಕನ್ನಡ ಎಷ್ಟು ಛಂದ ಅದ!" ಎನ್ನುತ್ತಾರೆ. ಹೊಗಳಿಕೆಯೇ ಸರಿ, ಆದರೆ ಹಾಗೆ ಹೊಗಳುವುದು ಅತಿಥಿಯನ್ನು. ಹುಟ್ಟಿದ ಊರಿನಲ್ಲಿ ನಾನು ಅತಿಥಿ ಹೇಗಾದೆ? ನೌಕರಿ, ಪ್ರವೇಶಕ್ಕೆ ಬೇಕಾದ 371(ಜೆ) ಪ್ರಮಾಣಪತ್ರ ನಾನು ಈ ನೆಲದವಳೇ ಎಂದು ನೋಡುತ್ತದೆ, ನನ್ನ ಮನೆಮಾತು ಕೇಳುವುದಿಲ್ಲ. ಜನರ ಮನಸ್ಸೂ ಅಷ್ಟೇ ನೋಡಿದರೆ ಸಾಕು.

ಎರಡು ಭಾಷೆ ಇಟ್ಟುಕೊಂಡರೆ ಒಂದು ಸಾಯುತ್ತದೆ ಎಂಬುದನ್ನು ನಾನು ನಂಬುವುದಿಲ್ಲ. ಬಾನು ಮುಷ್ತಾಕ್ ಅವರ ಮನೆಮಾತು ದಖನಿ. ಬರೆದದ್ದು ಕನ್ನಡ. 2025ರ ಮೇ ತಿಂಗಳಲ್ಲಿ ಅವರ ಕಥೆಗಳಿಗೆ, ಇಂಗ್ಲಿಷಿಗೆ ತಂದ ದೀಪಾ ಭಾಸ್ತಿಯವರಿಗೂ ಸೇರಿ, ಅಂತರರಾಷ್ಟ್ರೀಯ ಬೂಕರ್ ಬಂತು. ಕೆನ್ಯಾದ ಗೂಗಿ ವಾ ಥಿಯಾಂಗೊ ಇಂಗ್ಲಿಷಿನಲ್ಲಿ ಹೆಸರು ಮಾಡಿದ ಮೇಲೆ ತಾಯಿನುಡಿ ಗಿಕುಯುಗೆ ಮರಳಿದರು. ನೈಜೀರಿಯಾದ ಚಿನುವ ಅಚಿಬೆ ಇಂಗ್ಲಿಷಿನಲ್ಲೇ ಉಳಿದು ತನ್ನ ಇಗ್ಬೊ ಜನರ ಕಥೆ ಹೇಳಿದರು. ಇಬ್ಬರ ದಾರಿ ಬೇರೆ, ಹಟ ಒಂದೇ: ನಮ್ಮ ಕಥೆಯ "ನಾನು" ಎಂಬುದನ್ನು ನಾವೇ ಬರೆಯಬೇಕು. ಅಮೀರ್ ಅಲಿಗೆ ಸಿಗದ ಅವಕಾಶ ಅದು.

ಮೂರನೆಯದು, ಕಾಮರ್ಸ್ ಓದುವವರಿಗೆ ಇದೆಲ್ಲ ಯಾಕೆ, ಸಿಎ ಫೌಂಡೇಶನ್‌ಗೆ ಇದು ಬರುತ್ತದೆಯೇ ಎಂಬ ನನ್ನ ತರಗತಿಯವರ ಮಾತು. ಬರುವುದಿಲ್ಲ. ಆದರೆ ಪಾಮರ್ ಕಂಪನಿಯ ಖಾತೆ ಪುಸ್ತಕವನ್ನೂ ನಮ್ಮಂಥ ಲೆಕ್ಕ ಬಲ್ಲವರೇ ಬರೆದಿರಬೇಕು. ಅಂಕಿಯ ಹಿಂದೆ ಯಾರ ಹೊಲ ಇದೆ ಎಂದು ಅವರು ಕೇಳಲಿಲ್ಲ. ನಾವು ಕೇಳುವ ಅಕೌಂಟೆಂಟರಾಗೋಣ.

ಆದ್ದರಿಂದ ಪ್ರಾಂಶುಪಾಲರಿಗೂ ಉಪನ್ಯಾಸಕರಿಗೂ ನನ್ನದೊ೦ದು ಮನವಿ. ನಮ್ಮ ಗ್ರಂಥಾಲಯದಲ್ಲಿ ಕನ್ನಡದ ಕಪಾಟು ಕಿಟಕಿಯ ಪಕ್ಕ, ಉರ್ದು ಕಪಾಟು ಬಾಗಿಲ ಪಕ್ಕ ಇದೆ. ಕಪಾಟು ಸರಿಸುವುದು ಬೇಡ. ತಿಂಗಳಿಗೊಂದು ಶನಿವಾರ, ಕೊನೆಯ ಒಂದು ತಾಸು ಕೊಡಿ. ಉರ್ದು ತೆಗೆದುಕೊಂಡ ಒಬ್ಬರು ಒಂದು ಉರ್ದು ಕಥೆಯನ್ನು ಕನ್ನಡದಲ್ಲಿ ಹೇಳಲಿ, ಕನ್ನಡ ತೆಗೆದುಕೊಂಡವರು ಒಂದು ಕನ್ನಡ ಕಥೆಯನ್ನು ಉರ್ದುವಿನಲ್ಲಿ ಹೇಳಲಿ. ತಪ್ಪಾದರೆ ಕೇಳುವವರು ತಿದ್ದಲಿ. 'ಇಬ್ನುಲ್ ವಕ್ತ್' ಮತ್ತು 'ಇಂದಿರಾಬಾಯಿ'ಯಿಂದ ಶುರು ಮಾಡಬಹುದು. ಜೊತೆಗೆ ಪ್ರತಿಯೊಬ್ಬರೂ ತಮ್ಮ ಮನೆಯ ಹಿರಿಯರಿಂದ ಒಂದು ಪುಟದಷ್ಟು ಹಳೆಯ ಮಾತು ಬರೆದುಕೊಂಡು ಬರಲಿ. ಹಾಲಿ ರೂಪಾಯಿಯ ನೆನಪಿರುವವರು ಇನ್ನು ಹೆಚ್ಚು ವರ್ಷ ನಮ್ಮ ಜೊತೆ ಇರುವುದಿಲ್ಲ. ನನ್ನ ನಾನಿಯ ಒಂದು ಪುಟ ನಾನು ಬರೆದಿಟ್ಟಿದ್ದೇನೆ.

ಇನ್ನು ಆ ಹುಡುಗಿಯ ಪ್ರಶ್ನೆ. ಈಗ ಕೇಳಿದರೆ ನಾನು ಹೀಗೆ ಹೇಳುತ್ತೇನೆ: ನನ್ನ ಭಾಷೆಯಲ್ಲಿ ನಿನ್ನ ಅಜ್ಜನಿಗೆ ಅನ್ಯಾಯವಾಗಿದ್ದರೆ ಅದು ನನಗೆ ನೋವು, ಆ ಕಥೆ ನನಗೆ ಹೇಳು. ಆದರೆ ಆಳಿದವರು ನಮ್ಮೋರಲ್ಲ. ನಮ್ಮೋರು ನಿಮ್ಮ ತೋಟದ ಗೊನೆ ಹೊತ್ತವರು, ನಿಮ್ಮ ತೋಟದಲ್ಲಿ ಅಡಗಿ ಬದುಕಿದವರು. ನಮ್ಮ ಮೊದಲ ಶನಿವಾರಕ್ಕೆ ಅವಳನ್ನೂ ಕರೆಯಬೇಕೆಂದಿದ್ದೇನೆ. ಮಿರ್ಚಿ ಭಜಿ ಈ ಸಲ ನನ್ನ ಕಡೆಯಿಂದ.